ಮರುಬಳಸಬಹುದಾದ ವಸ್ತುಗಳಿಂದ ಬಿಡಿಘಟಕಗಳ ಮೆದು ರೋಬೋಟ್: ಸಿಲಿಕೋನ್ ಬಿಟ್ಟರೆ ಬೇರೇನಿದೆ, ಕೀಲುಗಳನ್ನು ಹೇಗೆ ಮಾಡುವುದು?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟು ಮತ್ತು ಒಂಬತ್ತನೇ ತರಗತಿಯ 22 ಮಕ್ಕಳ ಗುಂಪೊಂದು ಕಳೆದ ವರ್ಷದಿಂದ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಉಳಿದುಕೊಂಡು ಮೆದು ರೋಬೋಟ್‌ಗಳ ಕೆಲಸ ಮಾಡುತ್ತಿದೆ. ಮೋಟಾರು, ಹಲ್ಲುಗಾಲಿ, ಲೋಹದ ತೋಳು ಯಾವುದೂ ಇಲ್ಲದೆ, ರಬ್ಬರಿನಂಥ ವಸ್ತುವಿನೊಳಗೆ ಗಾಳಿ ತುಂಬಿ ಅದನ್ನು ಬಾಗುವಂತೆ, ಹಿಡಿಯುವಂತೆ, ತೆವಳುವಂತೆ ಮಾಡುವ ಈ ಯಂತ್ರಗಳು ಮಕ್ಕಳ ಮನಸ್ಸನ್ನು ಪೂರ್ತಿಯಾಗಿ ಸೆಳೆದಿವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 2011ರಲ್ಲಿ ತೋರಿಸಿದ ನಾಲ್ಕು ಕಾಲಿನ ರೋಬೋಟಿನ ಬಗ್ಗೆ ಓದಿ, ಅದರಲ್ಲಿರುವಂತೆ ಸಾಲಾಗಿ ಗಾಳಿಕೋಣೆಗಳಿರುವ ಬೆರಳನ್ನು ನಾವೂ ಸಿಲಿಕೋನಿನಲ್ಲಿ ಎರಕ ಹೊಯ್ಯಲು ಹೊರಟೆವು.

ನಾವು ಹೊಯ್ದದ್ದು 14 ಬೆರಳುಗಳು. ಅವುಗಳಲ್ಲಿ 9 ಹಾಳಾದವು. ಹೆಚ್ಚಿನವು ಕೋಣೆಗಳಿರುವ ಮೇಲ್ಭಾಗವೂ ತಳದ ಪದರವೂ ಸೇರುವ ಅಂಚಿನಲ್ಲಿ ಬಿಟ್ಟುಕೊಂಡವು, ಕೆಲವು ಒಳಗೆ ಉಳಿದಿದ್ದ ಗುಳ್ಳೆಯ ಜಾಗದಲ್ಲಿ ಒಡೆದವು. ಒಂದು ತಂಡದ ಬೆರಳಿನ ಮೇಲ್ಮೈ ಮೂರು ದಿನವಾದರೂ ಅಂಟಂಟಾಗಿಯೇ ಉಳಿಯಿತು. ಆ ತಂಡದವರು ಮಾತ್ರ ಕೈಗೆ ಲೇಟೆಕ್ಸ್ ಗವಸು ಹಾಕಿಕೊಂಡು ಕಲಸಿದ್ದರು, ಉಳಿದವರು ಬರಿಗೈಯಲ್ಲಿ ಕಡ್ಡಿಯಿಂದ ಕಲಸಿದ್ದರು ಎನ್ನುವುದನ್ನು ಬಿಟ್ಟರೆ ನನಗೆ ಬೇರೆ ವ್ಯತ್ಯಾಸ ಕಾಣಲಿಲ್ಲ. ಸಿಲಿಕೋನಿಗೆ ಕೊಟ್ಟ ಹಣ ನಮ್ಮ ವರ್ಷದ ಪ್ರಯೋಗ ಸಾಮಗ್ರಿಯ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು. ಒಡೆದ ಬೆರಳುಗಳನ್ನು ಕಸದ ಬುಟ್ಟಿಗೆ ಹಾಕುವಾಗ ಒಬ್ಬ ಹುಡುಗಿ, “ಟೀಚರ್, ಇದನ್ನ ಕರಗಿಸಿ ಮತ್ತ ಹೊಯ್ಯಾಕ ಬರಂಗಿಲ್ಲೇನ್ರಿ?” ಎಂದು ಕೇಳಿದಳು. ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನಗೆ ಬೇಕಾದದ್ದು ಹೀಗಿದೆ. ಇವತ್ತು ಹಿಡಿಗೈಯ ಬೆರಳಾಗಿದ್ದದ್ದು ಮುಂದಿನ ವಾರ ಹುಳುವಿನ ಒಂದು ಗೆಣ್ಣಾಗಬೇಕು, ಮುಂದಿನ ವರ್ಷದ ಮಕ್ಕಳು ಅದನ್ನೇ ಬಿಚ್ಚಿ ಬೇರೆ ಏನನ್ನಾದರೂ ಕಟ್ಟಬೇಕು. ಅದಕ್ಕೆ ಯಾವ ವಸ್ತು ಸೂಕ್ತ? ಗಾಳಿ ಸೋರದಂತೆ, ಆದರೆ ಮಕ್ಕಳ ಕೈಯಲ್ಲೇ ಬಿಚ್ಚಿ ಸೇರಿಸಲು ಬರುವಂತೆ ಘಟಕಗಳನ್ನು ಜೋಡಿಸುವುದು ಹೇಗೆ? ನಮ್ಮಲ್ಲಿ ತ್ರೀಡಿ ಪ್ರಿಂಟರ್ ಇಲ್ಲ. ಇಸ್ತ್ರಿ ಪೆಟ್ಟಿಗೆ, ಬಳಸದ ಹೊಸ ಸಿರಿಂಜುಗಳು, ಮೀನಿನ ತೊಟ್ಟಿಗೆ ಹಾಕುವ ತೆಳು ಕೊಳವೆ, ರಕ್ತದೊತ್ತಡ ಅಳೆಯುವ ಹಳೆಯ ಉಪಕರಣದ ಗಾಳಿ ಬುರುಡೆ ಮತ್ತು ಮುಳ್ಳಿನ ಮಾಪಕ ಇವೆ. ಬೇಸಿಗೆಯಲ್ಲಿ ನಮ್ಮ ಕೋಣೆಯ ತಾಪಮಾನ 40 ಡಿಗ್ರಿ ದಾಟುತ್ತದೆ ಎಂಬುದನ್ನೂ ದಯವಿಟ್ಟು ಗಮನದಲ್ಲಿಡಿ.

ಉತ್ತರ 1: ರಬ್ಬರ್ ತಂತ್ರಜ್ಞ, ಬೆಂಗಳೂರು

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದ ಬೇರು ಅಲ್ಲಿದೆ. ಸಿಲಿಕೋನನ್ನು ಕರಗಿಸಿ ಮತ್ತೆ ಹೊಯ್ಯಲು ಬರುವುದಿಲ್ಲ. ನೀವು ಎರಡು ಡಬ್ಬಿಗಳ ದ್ರವವನ್ನು ಬೆರೆಸಿದಾಗ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ರಾಸಾಯನಿಕವಾಗಿ ಗಂಟು ಹಾಕಿಕೊಂಡು ಇಡೀ ಬೆರಳು ಒಂದೇ ಬಲೆಯಾಗುತ್ತದೆ. ಬೆಂದ ಇಡ್ಲಿ ಮತ್ತೆ ಹಿಟ್ಟಾಗದಂತೆ ಆ ಬಲೆ ಮತ್ತೆ ದ್ರವವಾಗುವುದಿಲ್ಲ, ಹೆಚ್ಚು ಕಾಯಿಸಿದರೆ ಕೆಡುತ್ತದೆಯೇ ಹೊರತು ಕರಗುವುದಿಲ್ಲ. ಗಂಧಕ ಹಾಕಿ ಬೇಯಿಸಿದ ಸೈಕಲ್ ಟ್ಯೂಬು ಮತ್ತು ಬಲೂನುಗಳೂ ಇದೇ ಗುಂಪಿಗೆ ಸೇರುತ್ತವೆ. ಪಾಲಿಥೀನ್, ಥರ್ಮೊಪ್ಲಾಸ್ಟಿಕ್ ಪಾಲಿಯುರೇಥೇನ್, ಜೆಲಾಟಿನ್ ಮುಂತಾದವು ಬೆಲ್ಲದಂತೆ ಕರಗುವ ಇನ್ನೊಂದು ಗುಂಪಿನವು. ಅವುಗಳಲ್ಲಿ ಸರಪಳಿಗಳು ಹೆಣೆದುಕೊಂಡಿರುತ್ತವೆ ಅಥವಾ ಸಡಿಲವಾಗಿ ಹಿಡಿದುಕೊಂಡಿರುತ್ತವೆ. ಆದ್ದರಿಂದ ಕಾಯಿಸಿದರೆ ಬಿಡುತ್ತವೆ, ಆರಿಸಿದರೆ ಮತ್ತೆ ಹಿಡಿಯುತ್ತವೆ.

ಅಂಟಂಟಾಗಿ ಉಳಿದ ಬೆರಳಿಗೆ ಕಾರಣ ಬಹುಮಟ್ಟಿಗೆ ಆ ಗವಸುಗಳೇ. ನೀವು ಬಳಸಿದಂಥ ಸಿಲಿಕೋನ್ ಗಟ್ಟಿಯಾಗುವುದು ಅತ್ಯಲ್ಪ ಪ್ರಮಾಣದ ಪ್ಲಾಟಿನಂ ವೇಗವರ್ಧಕದಿಂದ. ಲೇಟೆಕ್ಸಿನಲ್ಲಿರುವ ಗಂಧಕದ ಸಂಯುಕ್ತಗಳು ಆ ಪ್ಲಾಟಿನಂ ಅನ್ನು ನಿಷ್ಕ್ರಿಯಗೊಳಿಸುತ್ತವೆ. ಗಂಧಕವಿರುವ ಜೇಡಿಯಿಂದ ಮಾಡಿದ ಅಚ್ಚು, ಕೆಲವು ಪ್ರಿಂಟರ್ ರಾಳಗಳ ಅಚ್ಚು ಕೂಡ ಹೀಗೇ ಮಾಡುತ್ತವೆ. ವಿನೈಲ್ ಗವಸು ಬಳಸಿದರೆ ಈ ತೊಂದರೆ ಬರುವುದಿಲ್ಲ.

ಹಾಳಾದ 9 ಬೆರಳುಗಳನ್ನು ಇನ್ನೂ ಎಸೆಯದಿದ್ದರೆ ಇಟ್ಟುಕೊಳ್ಳಿ. ಹೊಸದಾಗಿ ಕಲಸಿದ ಸಿಲಿಕೋನ್ ಹಳೆಯ ಸಿಲಿಕೋನಿಗೆ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಅಂಚು ಬಿಟ್ಟುಕೊಂಡ ಬೆರಳನ್ನು ಸ್ವಚ್ಛಗೊಳಿಸಿ, ಒಂದು ಚಮಚ ಹೊಸ ಮಿಶ್ರಣದಿಂದ ಮತ್ತೆ ಮುಚ್ಚಬಹುದು. ಮುಚ್ಚಲಾಗದವುಗಳನ್ನು ಜೋಳದ ಕಾಳಿನ ಗಾತ್ರಕ್ಕೆ ಕತ್ತರಿಸಿ, ಗಾಳಿ ತುಂಬದ ದಪ್ಪ ಭಾಗಗಳಿಗೆ, ಅಂದರೆ ಪೀಠಕ್ಕೋ ಪಾದಕ್ಕೋ ಹೊಯ್ಯುವ ಮಿಶ್ರಣದೊಳಗೆ ಸೇರಿಸಬಹುದು. ಉಬ್ಬುವ ಗೋಡೆಗಳಿಗೆ ಮಾತ್ರ ಸೇರಿಸಬೇಡಿ, ಪ್ರತಿಯೊಂದು ತುಣುಕಿನ ಅಂಚೂ ಸೀಳು ಹುಟ್ಟುವ ಜಾಗವಾಗುತ್ತದೆ.

ನಿಜವಾಗಿ ಕರಗಿಸಿ ಮತ್ತೆ ಹೊಯ್ಯುವ ಅನುಭವ ಮಕ್ಕಳಿಗೆ ಸಿಗಬೇಕಾದರೆ ಜೆಲಾಟಿನ್ ಮತ್ತು ಗ್ಲಿಸರಿನ್ ಮಿಶ್ರಣವನ್ನು ಪ್ರಯತ್ನಿಸಿ. ಇದು ಆಟದ ವಸ್ತುವಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2017ರಲ್ಲಿ ಇದೇ ಮಿಶ್ರಣದಿಂದ, ತಿನ್ನಬಹುದಾದಂಥ, ಗಾಳಿಯಿಂದ ಬಾಗುವ ಬೆರಳನ್ನು ತೋರಿಸಿದರು. ಆಸ್ಟ್ರಿಯಾದ ಲಿಂಟ್ಸ್‌ನ ಯೊಹಾನೆಸ್ ಕೆಪ್ಲರ್ ವಿಶ್ವವಿದ್ಯಾಲಯದವರು 2020ರಲ್ಲಿ ಜೆಲಾಟಿನ್ನಿಗೆ ಗ್ಲಿಸರಿನ್, ಸಕ್ಕರೆ, ಸಿಟ್ರಿಕ್ ಆಮ್ಲ ಸೇರಿಸಿ, ಮೂರು ಲಕ್ಷಕ್ಕೂ ಹೆಚ್ಚು ಸಲ ಬಾಗಿದರೂ ಹರಿಯದ ಆದರೆ ಬಿಸಾಡಿದರೆ ಪೂರ್ತಿ ಕೊಳೆತುಹೋಗುವ ವಸ್ತುವನ್ನು ಸಿದ್ಧಪಡಿಸಿದರು.

ನಾನು ಮನೆಯಲ್ಲಿ ಮಾಡುವ ಕ್ರಮ ಹೀಗಿದೆ. 10 ಗ್ರಾಂ ಜೆಲಾಟಿನ್ ಪುಡಿಯನ್ನು 30 ಗ್ರಾಂ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಯಿಟ್ಟು, ಅದು ಉಬ್ಬಿದ ಮೇಲೆ 15 ಗ್ರಾಂ ಗ್ಲಿಸರಿನ್ ಸೇರಿಸಿ, ಪಾತ್ರೆಯನ್ನು ಬಿಸಿನೀರಿನೊಳಗಿಟ್ಟು ಸುಮಾರು 60 ಡಿಗ್ರಿಯವರೆಗೆ ಮಾತ್ರ ಕಾಯಿಸಬೇಕು. ಕುದಿಸಿದರೆ ಜೆಲಾಟಿನ್ನಿನ ಸರಪಳಿಗಳು ತುಂಡಾಗಿ ಬಲ ಕುಗ್ಗುತ್ತದೆ. ನೊರೆಯನ್ನು ಚಮಚದಿಂದ ತೆಗೆದು ನಿಧಾನವಾಗಿ ಹೊಯ್ಯಿರಿ. ಇಲ್ಲಿ ಬಹಳ ಜನ ಮರೆಯುವ ಒಂದು ಸಂಗತಿಯಿದೆ. ಹೊಯ್ದ ಕೂಡಲೇ ಬೆರಳಿನ ತೂಕವನ್ನು ಬರೆದಿಟ್ಟುಕೊಳ್ಳಬೇಕು. ದಿನ ಕಳೆದಂತೆ ನೀರು ಆರುತ್ತದೆ. ಮತ್ತೆ ಕರಗಿಸುವಾಗ ಆರಿದಷ್ಟು ನೀರನ್ನು ತೂಕ ನೋಡಿ ಸೇರಿಸದಿದ್ದರೆ ಎರಡನೆಯ ಬೆರಳು ಮೊದಲಿನದಕ್ಕಿಂತ ಗಟ್ಟಿಯಾಗಿಯೂ ಬೇಗ ಸೀಳುವಂತೆಯೂ ಬರುತ್ತದೆ. ಸರಿಯಾಗಿ ಮಾಡಿದರೂ ಪ್ರತಿ ಸಲ ಕಾಯಿಸಿದಾಗ ಸ್ವಲ್ಪ ಬಲ ಕಡಿಮೆಯಾಗುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿ.

ನಿಮ್ಮ ಊರಿನ ಬಿಸಿಲಿನ ವಿಷಯದಲ್ಲಿ ನಾನು ಸ್ಪಷ್ಟವಾಗಿ ಹೇಳಬೇಕು. ನೀರು ಹೆಚ್ಚಿರುವ ಜೆಲಾಟಿನ್ 35 ಡಿಗ್ರಿ ಆಸುಪಾಸಿನಲ್ಲೇ ಸಡಿಲವಾಗತೊಡಗುತ್ತದೆ. ಗ್ಲಿಸರಿನ್ ಹೆಚ್ಚಿಸಿ ನೀರನ್ನು ಆರಗೊಟ್ಟರೆ ಇನ್ನಷ್ಟು ಬಿಸಿ ತಡೆಯುತ್ತದಾದರೂ ರಾಯಚೂರಿನ ಏಪ್ರಿಲ್‌ನಲ್ಲಿ ಅದನ್ನು ನಂಬಿ ರೋಬೋಟ್ ಕಟ್ಟಲಾಗದು. ಕರಾವಳಿಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯಿದೆ. ಗ್ಲಿಸರಿನ್ ಗಾಳಿಯ ತೇವವನ್ನು ಹೀರಿಕೊಂಡು ಬೆರಳು ಬೆವರಿದಂತಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಜೆಲಾಟಿನ್ ಪ್ರಾಣಿಜನ್ಯವಾದ್ದರಿಂದ ಕೆಲವು ಮನೆಗಳ ಮಕ್ಕಳಿಗೆ ಮುಟ್ಟಲು ಹಿಂಜರಿಕೆ ಇರಬಹುದು. ಕಡಲಕಳೆಯಿಂದ ಬರುವ ಅಗರ್ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲವಾದ್ದರಿಂದ ಬಿಸಿಲಿಗೆ ಹೆದರಬೇಕಾಗಿಲ್ಲ, ಆದರೆ ಅದು ಹಿಗ್ಗುವುದಕ್ಕಿಂತ ಮೊದಲೇ ಮುರಿಯುತ್ತದೆ. ಗ್ಲಿಸರಿನ್ ಹಾಕಿದರೂ ಬಾಗುವ ಬೆರಳಿಗೆ ಅದು ಆಗುವುದಿಲ್ಲ ಎಂಬುದು ನನ್ನ ಅನುಭವ.

ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಬ್ರಾಮ್ ವಾಂಡರ್‌ಬೋರ್ಟ್ ಅವರ ತಂಡ 2017ರಲ್ಲಿ ತೋರಿಸಿದ ವಸ್ತು ಈ ಎರಡು ಗುಂಪುಗಳ ನಡುವಿನದು. ಅದರ ಗಂಟುಗಳು ರಾಸಾಯನಿಕವಾದವೇ ಆದರೂ ಸುಮಾರು 80 ಡಿಗ್ರಿಗೆ ಕಾಯಿಸಿದರೆ ಬಿಚ್ಚಿಕೊಂಡು, ಆರುವಾಗ ಮತ್ತೆ ಹಾಕಿಕೊಳ್ಳುತ್ತವೆ. ಆದ್ದರಿಂದ ಸೀಳಿದ ಬೆರಳು ತಾನೇ ಕೂಡುತ್ತದೆ. ಶಾಲೆಗೆ ಅದು ಕೈಗೆಟುಕುವಂಥದ್ದಲ್ಲ, ಆದರೆ ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿಕೊಂಡಿದ್ದಾರೆ ಎಂದು ಆಕೆಗೆ ದಯವಿಟ್ಟು ತಿಳಿಸಿ.

ಉತ್ತರ 2: ಹೊಲಿಗೆ ತರಬೇತಿ ನಡೆಸುವವಳು, ಹುಬ್ಬಳ್ಳಿ

ನಾನು ಎಂಜಿನಿಯರ್ ಅಲ್ಲ. ಎಂಜಿನಿಯರಿಂಗ್ ಓದುತ್ತಿರುವ ಮಗಳ ಜೊತೆ ಸೇರಿ ಎರಡು ವರ್ಷದಿಂದ ಬಟ್ಟೆಯ ಮೆದು ರೋಬೋಟ್‌ಗಳನ್ನು ಮಾಡುತ್ತಿದ್ದೇನೆ. ಸೈಕಲ್ ಚಕ್ರವನ್ನು ನೆನಪಿಸಿಕೊಳ್ಳಿ. ಗಾಳಿ ಹಿಡಿಯುವುದು ಟ್ಯೂಬು, ಒತ್ತಡ ತಾಳುವುದು ಟೈರು. ಟೈರಿಲ್ಲದೆ ಟ್ಯೂಬಿಗೆ ಗಾಳಿ ಹೊಡೆದರೆ ಒಂದು ಕಡೆ ಗುಳ್ಳೆಯಂತೆ ಉಬ್ಬಿ ಒಡೆಯುತ್ತದೆ. ಸಿಲಿಕೋನ್ ಬೆರಳಿನಲ್ಲಿ ಟ್ಯೂಬಿನ ಕೆಲಸವನ್ನೂ ಟೈರಿನ ಕೆಲಸವನ್ನೂ ಒಂದೇ ವಸ್ತುವಿಗೆ ಹೊರಿಸಿದ್ದೇವೆ, ಆದ್ದರಿಂದ ಒಂದು ಗುಳ್ಳೆಯಿದ್ದರೂ ಇಡೀ ಬೆರಳು ಹೋಗುತ್ತದೆ. ಆ ಎರಡು ಕೆಲಸಗಳನ್ನು ಬೇರೆ ಮಾಡಿದರೆ ಹರಿದದ್ದನ್ನು ಮಾತ್ರ ಬದಲಿಸಬಹುದು.

ನಮ್ಮ ಟ್ಯೂಬು ಹಾಲಿನ ಖಾಲಿ ಪ್ಯಾಕೆಟ್. ನಂದಿನಿ ಹಾಲು ಬರುವ ಪ್ಯಾಕೆಟ್ಟಿನ ಪಾಲಿಥೀನ್ ಹಾಳೆ ಗಟ್ಟಿಯಾದದ್ದು, ಬಿಸಿಗೆ ಚೆನ್ನಾಗಿ ಬೆಸೆಯುತ್ತದೆ, ಊರಲ್ಲೆಲ್ಲ ಸಿಗುತ್ತದೆ. ಒಳಮೈಯನ್ನು ಹೊರಗೆ ಮಾಡಿ ಸೋಪಿನ ಬಿಸಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಜಿಡ್ಡು ಉಳಿದರೆ ವಾಸನೆಯೂ ಬರುತ್ತದೆ, ಬೆಸುಗೆಯೂ ಹಿಡಿಯುವುದಿಲ್ಲ. ಹಿಂಬದಿಯ ಉದ್ದನೆಯ ಬೆಸುಗೆಯನ್ನು ಬಿಡಿಸಿ ಹಾಳೆಯಾಗಿ ಹರಡಿ, ಅಚ್ಚು ಹಾಕಿರದ ಒಳಮೈಗಳು ಎದುರುಬದುರಾಗುವಂತೆ ಮಡಿಸಿಕೊಳ್ಳಿ. ಮೇಲೆ ಕೆಳಗೆ ಬೇಕಿಂಗ್ ಕಾಗದವಿಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ರೇಷ್ಮೆಯ ಗುರುತಿಗೆ ತಿರುಗಿಸಿ, ಅಂಚನ್ನು ಮಾತ್ರ ಒತ್ತಿ ಐದಾರು ಎಣಿಸಿ. ಪೂರ್ತಿ ಆರುವವರೆಗೆ ಎಳೆಯಬಾರದು. ಕಿರಾಣಿ ಅಂಗಡಿಗಳಲ್ಲಿ ಪೊಟ್ಟಣ ಮುಚ್ಚುವಂತೆ ಹ್ಯಾಕ್ಸಾ ಬ್ಲೇಡಿನ ಅಂಚಿಗೆ ಹಾಳೆ ಮಡಿಸಿ ಮೇಣದಬತ್ತಿಯ ಜ್ವಾಲೆಯ ಮೇಲೆ ಸರಿಸುವ ವಿಧಾನವೂ ನಡೆಯುತ್ತದೆ, ಆದರೆ ಅದನ್ನು ದೊಡ್ಡವರೇ ಮಾಡಬೇಕು.

ಟೈರಿನ ಕೆಲಸಕ್ಕೆ ಹತ್ತಿಯ ಗಟ್ಟಿ ಬಟ್ಟೆಯ ಹೊರಚೀಲ ಹೊಲಿಯುತ್ತೇವೆ. ಬೆರಳು ಬಾಗಬೇಕಾದರೆ ಒಂದು ಮಗ್ಗುಲು ಉದ್ದವಾಗಬೇಕು, ಇನ್ನೊಂದು ಆಗಬಾರದು. ಅದಕ್ಕೆ ನೆರಿಗೆ ಸಾಕು. 3 ಸೆಂ.ಮೀ. ದಪ್ಪದ ಬೆರಳಿಗೆ ತಳದ ಪಟ್ಟಿ 10 ಸೆಂ.ಮೀ. ಉದ್ದ, ಮೇಲಿನ ಪಟ್ಟಿ 18 ಸೆಂ.ಮೀ. ಉದ್ದ. ಎರಡಕ್ಕೂ ಅಗಲ ಹೊಲಿಗೆಯ ಅಂಚು ಸೇರಿ 6.7 ಸೆಂ.ಮೀ. ಮೇಲಿನ ಪಟ್ಟಿಯಲ್ಲಿ 1 ಸೆಂ.ಮೀ. ಆಳದ ನಾಲ್ಕು ನೆರಿಗೆ ಹಿಡಿದರೆ ಒಂದೊಂದಕ್ಕೆ 2 ಸೆಂ.ಮೀ. ಬಟ್ಟೆ ಹೋಗಿ, ಅದೂ 10 ಸೆಂ.ಮೀ.ಗೆ ಇಳಿಯುತ್ತದೆ. ನೆರಿಗೆಗಳನ್ನು ಎರಡು ಪಕ್ಕದ ಹೊಲಿಗೆಯಲ್ಲಷ್ಟೇ ಸಿಕ್ಕಿಸಿ, ನಡುವೆ ಹೊಲಿಯಬೇಡಿ. ಗಾಳಿ ತುಂಬಿದಾಗ ನೆರಿಗೆ ಬಿಚ್ಚಿಕೊಂಡು ಮೇಲ್ಮೈ ಉದ್ದವಾಗುತ್ತದೆ, ತಳ ಹಾಗೆಯೇ ಇರುತ್ತದೆ, ಬೆರಳು ತಳದ ಕಡೆಗೆ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದನ್ನು ಮಗಳು ಲೆಕ್ಕ ಹಾಕಿ ತೋರಿಸಿದಳು. ಉದ್ದದ ವ್ಯತ್ಯಾಸ 8 ಸೆಂ.ಮೀ., ಅದನ್ನು ದಪ್ಪ 3ರಿಂದ ಭಾಗಿಸಿದರೆ 2.67 ರೇಡಿಯನ್, ಅಂದರೆ ಸುಮಾರು 153 ಡಿಗ್ರಿ. ಪಕ್ಕದ ಹೊಲಿಗೆಯ ಬಳಿ ನೆರಿಗೆ ಪೂರ್ತಿ ಬಿಚ್ಚುವುದಿಲ್ಲವಾದ್ದರಿಂದ ನಮಗೆ ಸಿಕ್ಕಿದ್ದು 110 ಡಿಗ್ರಿ. ಒಂದು ಲೋಟವನ್ನು ಸುತ್ತಿ ಹಿಡಿಯಲು ಅದು ಧಾರಾಳವಾಯಿತು.

ಒಳಗಿನ ಪ್ಯಾಕೆಟ್ ಚೀಲ ಯಾವಾಗಲೂ ಹೊರಚೀಲಕ್ಕಿಂತ ದೊಡ್ಡದಾಗಿರಲಿ. ಮೇಲಿನ ಅಳತೆಗೆ ನಾವು 20 ಸೆಂ.ಮೀ. ಉದ್ದ, ಚಪ್ಪಟೆಯಾಗಿಟ್ಟಾಗ 5.5 ಸೆಂ.ಮೀ. ಅಗಲದ ಒಳಚೀಲ ಮಾಡಿ ಸುಕ್ಕುಸುಕ್ಕಾಗಿಯೇ ಒಳಗೆ ತುರುಕುತ್ತೇವೆ. ಒಳಚೀಲ ಚಿಕ್ಕದಾದರೆ ಎಳೆತವೆಲ್ಲ ಅದರ ಬೆಸುಗೆಯ ಮೇಲೆ ಬಿದ್ದು ಬಿಟ್ಟುಕೊಳ್ಳುತ್ತದೆ. ದೊಡ್ಡದಾಗಿದ್ದರೆ ಅದು ಬಟ್ಟೆಗೆ ಒರಗಿ ನಿಲ್ಲುತ್ತದೆ.

ಇದೇ ಒಳಚೀಲಕ್ಕೆ ಎರಡೂ ಮಗ್ಗುಲಲ್ಲಿ ನೆರಿಗೆಯಿರುವ ಹೊರಚೀಲ ತೊಡಿಸಿದರೆ ಅದು ಬಾಗದೆ ನೀಳವಾಗುತ್ತದೆ. ಓರೆಯಾಗಿ, ಅಂದರೆ ಕ್ರಾಸ್ ಕತ್ತರಿಸಿದ ಬಟ್ಟೆಯಿಂದ ಹೊಲಿದರೆ ಬಟ್ಟೆ ಓರೆಯಲ್ಲಿ ಹಿಗ್ಗುವುದರಿಂದ ಚಲನೆಯೇ ಬೇರೆಯಾಗುತ್ತದೆ. ಹೊರಚೀಲವೇ ಇಲ್ಲದೆ, ಚಪ್ಪಟೆ ಪ್ಯಾಕೆಟ್ಟಿನ ಎರಡು ಅಂಚುಗಳಿಗೆ ದಾರ ಕಟ್ಟಿ ಗಾಳಿ ತುಂಬಿದರೂ ಅದು ಸ್ನಾಯುವಿನಂತೆ ಎಳೆಯುತ್ತದೆ. ರ್ಯೂಮಾ ನಿಯಾಮಾ, ಡ್ಯಾನಿಯೆಲಾ ರುಸ್ ಮತ್ತು ಸಾಂಗ್‌ಬೇ ಕಿಮ್ 2014ರಲ್ಲಿ ಇಂಥ ಚೀಲಗಳನ್ನೇ ಮೋಟಾರಿನ ಬದಲಿಗೆ ಬಳಸಿ ತೋರಿಸಿದ್ದರು. ಚಪ್ಪಟೆ ಚೀಲ ಉಬ್ಬಿ ದುಂಡಗಾದಾಗ 10 ಸೆಂ.ಮೀ. ಅಗಲ ಹೆಚ್ಚೆಂದರೆ 6.4 ಸೆಂ.ಮೀ.ಗೆ ಇಳಿಯುತ್ತದೆ ಎಂಬುದನ್ನು ನಿಮ್ಮ ಒಂಬತ್ತನೇ ತರಗತಿಯವರು ವೃತ್ತದ ಪರಿಧಿಯ ಸೂತ್ರದಿಂದ ತಾವೇ ಕಂಡುಹಿಡಿಯಬಲ್ಲರು.

ಉತ್ತರ 3: ಮೆಕ್ಯಾನಿಕಲ್ ಎಂಜಿನಿಯರ್, ಮೂಲತಃ ಶಿವಮೊಗ್ಗ, ಈಗ ಜರ್ಮನಿ

ಹುಬ್ಬಳ್ಳಿಯ ಸಹೋದರಿ ಬರೆದದ್ದಕ್ಕೆ ಮೂರನೆಯ ಕೆಲಸವೊಂದನ್ನು ಸೇರಿಸುತ್ತೇನೆ. ಗಾಳಿ ಹಿಡಿಯುವುದು, ಒತ್ತಡ ತಾಳುವುದು ಬೇರೆ ಬೇರೆಯಾದಂತೆ ಜೋಡಿಸುವುದೂ ಬೇರೆಯಾಗಬೇಕು. ಘಟಕದ ಆಯಸ್ಸನ್ನು ನಿರ್ಧರಿಸುವುದು ಬಹಳ ಸಲ ಅದರ ಮೈಯಲ್ಲ, ಅದರ ತುದಿ.

ವೈಟ್‌ಸೈಡ್ಸ್ ಅವರ ತಂಡವೇ 2014ರಲ್ಲಿ ಮೆದು ಘಟಕಗಳ ತುದಿಗೆ ಆಯಸ್ಕಾಂತದ ಉಂಗುರಗಳನ್ನಿಟ್ಟು, ಹತ್ತಿರ ತಂದರೆ ತಾವಾಗಿ ಕೂಡಿಕೊಳ್ಳುವಂತೆ ಮಾಡಿತ್ತು. ನೀವೂ ಆಯಸ್ಕಾಂತ ಬಳಸಬೇಕೆಂದಿದ್ದರೆ ಈ ಲೆಕ್ಕವನ್ನು ಮೊದಲು ಮಾಡಿ. ನಿಮ್ಮ ರಕ್ತದೊತ್ತಡ ಮಾಪಕ 300 ಮಿ.ಮೀ. ಪಾದರಸ ತೋರಿಸಿದಾಗ ಒಳಗಿನ ಒತ್ತಡ ಹೊರಗಿಗಿಂತ 40 ಕಿಲೋಪ್ಯಾಸ್ಕಲ್ ಹೆಚ್ಚಿರುತ್ತದೆ. ಎರಡು ಘಟಕಗಳ ನಡುವಿನ ಗಾಳಿದಾರಿಯನ್ನು ಮುಚ್ಚುವ ರಬ್ಬರ್ ಉಂಗುರದ ಒಳವ್ಯಾಸ 20 ಮಿ.ಮೀ. ಇದ್ದರೆ ಗಾಳಿ ಅವುಗಳನ್ನು ಸುಮಾರು 1.3 ಕಿಲೋ ತೂಕದಷ್ಟು ಬಲದಿಂದ ದೂರ ತಳ್ಳುತ್ತದೆ. ಒಳವ್ಯಾಸ 4 ಮಿ.ಮೀ. ಆದರೆ ಅದೇ ಒತ್ತಡದಲ್ಲಿ ತಳ್ಳುವ ಬಲ 50 ಗ್ರಾಂ ತೂಕದಷ್ಟು ಮಾತ್ರ. ಗಾಳಿದಾರಿ ಸಣ್ಣದಾದಷ್ಟೂ ಕೀಲು ಹಗುರವಾಗಿ, ಬಿಚ್ಚಲು ಸುಲಭವಾಗಿ ಇರುತ್ತದೆ.

ಆದರೆ ಶಾಲೆಗೆ ನಾನು ಸೂಚಿಸುವುದು ತಂಪು ಪಾನೀಯದ ಬಾಟಲಿಯ ಕುತ್ತಿಗೆ ಮತ್ತು ಮುಚ್ಚಳ. ಸೋಡಾ, ತಂಪು ಪಾನೀಯಗಳ ಹೆಚ್ಚಿನ ಪ್ಲಾಸ್ಟಿಕ್ ಬಾಟಲಿಗಳ ಕುತ್ತಿಗೆ 28 ಮಿ.ಮೀ. ಅಳತೆಯದು, ಬಿಗಿಯಾಗಿ ಗಾಳಿ ಹಿಡಿಯಲೆಂದೇ ಮಾಡಿದ ಮರೆ, ಅಂದರೆ ಮುಚ್ಚಳ ತಿರುಗಿಸುವ ತಿರುಪಿನ ಸುತ್ತು ಅದರಲ್ಲಿರುತ್ತದೆ. ನೀರಿನ ಬಾಟಲಿಗಳ ಮರೆ ಬೇರೆಯಾಗಿರುವುದುಂಟು, ಅವನ್ನು ಬೆರೆಸಬೇಡಿ. ಕುತ್ತಿಗೆಯನ್ನು ಕೆಳಗಿನ ಬಳೆ ಸಹಿತ ಕತ್ತರಿಸಿ, ಒಳಚೀಲದ ಬಾಯಿಯನ್ನು ಅದರೊಳಗಿಂದ ಮೇಲೆತ್ತಿ, ಅಂಚಿನ ಮೇಲೆ ಹೊರಕ್ಕೆ ಮಡಿಸಿ ಮುಚ್ಚಳ ತಿರುಗಿಸಿದರೆ ಪಾಲಿಥೀನ್ ಹಾಳೆಯೇ ವಾಷರಿನಂತೆ ಕೂತು ಗಾಳಿ ನಿಲ್ಲುತ್ತದೆ. ಹೊರಚೀಲದ ಬಾಯಿಯನ್ನು ಬಳೆಯ ಕೆಳಗೆ ದಾರದಿಂದ ಬಿಗಿದರೆ ಎಳೆತವೆಲ್ಲ ಬಟ್ಟೆಯಿಂದ ಕುತ್ತಿಗೆಗೆ ಹೋಗುತ್ತದೆ, ಹಾಳೆಗೆ ತಾಗುವುದಿಲ್ಲ. ಮುಚ್ಚಳದಲ್ಲಿ ನಿಮ್ಮ ಕೊಳವೆಗಿಂತ ಅರ್ಧ ಮಿಲಿಮೀಟರ್ ಚಿಕ್ಕ ತೂತು ಕೊರೆದು, ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ ಎಳೆದುಕೊಳ್ಳಿ. ಎರಡು ಘಟಕಗಳನ್ನು ಸೇರಿಸಲು ಎರಡು ಮುಚ್ಚಳಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಬೇಕು. ಮುಚ್ಚಳದ ಪಾಲಿಥೀನಿಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ, ನಡುವೆ ಸೈಕಲ್ ಟ್ಯೂಬಿನ ತುಂಡಿನಿಂದ ಕತ್ತರಿಸಿದ ವಾಷರ್ ಇಟ್ಟು 4 ಮಿ.ಮೀ. ಬೋಲ್ಟ್ ಹಾಕಿ ಬಿಗಿಯಿರಿ.

ಪ್ರತಿ ಘಟಕಕ್ಕೂ ಅದರದೇ ಕೊಳವೆ ಇರಲಿ. ಒಂದರೊಳಗಿಂದ ಇನ್ನೊಂದಕ್ಕೆ ಗಾಳಿ ಹಾಯಿಸಿದರೆ ನೋಡಲು ಅಚ್ಚುಕಟ್ಟು, ಆದರೆ ಒಂದು ಸೋರಿದರೆ ಎಲ್ಲವೂ ಕುಸಿಯುತ್ತವೆ, ಯಾವುದು ಸೋರಿತು ಎಂದು ಹುಡುಕುವುದರಲ್ಲೇ ಶನಿವಾರ ಕಳೆಯುತ್ತದೆ. ಘಟಕಗಳಿಗೆ ಸಂಖ್ಯೆ ಬರೆದು, ಪ್ರತಿಯೊಂದನ್ನೂ 100 ಮಿ.ಮೀ.ಗೆ ಏರಿಸಿ ಎರಡು ನಿಮಿಷ ಮುಳ್ಳನ್ನು ನೋಡಿ. 10 ಮಿ.ಮೀ.ಗಿಂತ ಹೆಚ್ಚು ಇಳಿದರೆ ಪಂಕ್ಚರ್ ಅಂಗಡಿಯಲ್ಲಿ ಮಾಡುವಂತೆ ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕಿ. ಸೈಕಲ್ ಪಂಪನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಅದು ಕೆಲವೇ ಹೊಡೆತಗಳಲ್ಲಿ ಈ ಚೀಲಗಳು ತಾಳುವ ಒತ್ತಡವನ್ನು ಎಷ್ಟೋ ಪಟ್ಟು ಮೀರುತ್ತದೆ. ಸಿರಿಂಜಿನಲ್ಲಿ ಇರುವಷ್ಟೇ ಗಾಳಿ ಹೋಗುವುದರಿಂದ ಅದೇ ಸುರಕ್ಷಿತ.

ಮರುಉತ್ತರ: ವಿಜ್ಞಾನ ಶಿಕ್ಷಕಿ, ರಾಯಚೂರು ಜಿಲ್ಲೆ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಮೂವರಿಗೂ ಮಕ್ಕಳ ಪರವಾಗಿ ಕೃತಜ್ಞತೆಗಳು.

ಜೆಲಾಟಿನ್ ಪ್ರಯೋಗವನ್ನು ಕರಗಿಸುವ ಪ್ರಶ್ನೆ ಕೇಳಿದ ಹುಡುಗಿಯ ತಂಡಕ್ಕೇ ವಹಿಸಿದೆ. 55 ಗ್ರಾಂ ಇದ್ದ ಬೆರಳು ಒಂದು ವಾರದಲ್ಲಿ 43 ಗ್ರಾಂಗೆ ಇಳಿಯಿತು. ಅವರು ತೂಕ ನೋಡಿ 12 ಗ್ರಾಂ ನೀರು ಸೇರಿಸಿ ಮತ್ತೆ ಹೊಯ್ದರು. ಎರಡನೆಯ ಬೆರಳು ಮೊದಲಿನಷ್ಟೇ ಚೆನ್ನಾಗಿ ಬಾಗಿತು, ಮೂರನೆಯದು ತುಸು ಮೆತ್ತಗಾಯಿತು, ನಾಲ್ಕನೆಯದನ್ನು ಬೇಸಿಗೆಯ ಒಂದು ಮಧ್ಯಾಹ್ನ ಮೇಜಿನ ಮೇಲೆ ಮರೆತು ಬಂದದ್ದರಿಂದ ಅದು ತಟ್ಟೆಯ ಆಕಾರ ತಾಳಿತ್ತು. ಆ ತಟ್ಟೆಯನ್ನೂ ಅವರು ಎಸೆಯದೆ ಕರಗಿಸಿ ಐದನೆಯದನ್ನು ಹೊಯ್ದಿದ್ದಾರೆ.

ಬಟ್ಟೆಯ ಘಟಕಗಳು ಈಗ 12 ಆಗಿವೆ. ಮೊದಲ ನಾಲ್ಕು ಬೆರಳುಗಳು ನೇರವಾಗಿ ಬಾಗದೆ ಪಕ್ಕಕ್ಕೆ ತಿರುಚಿಕೊಂಡವು. ಬಿಚ್ಚಿ ನೋಡಿದಾಗ ಎಡಗಡೆಯ ಹೊಲಿಗೆಯಲ್ಲಿ ನೆರಿಗೆ 1 ಸೆಂ.ಮೀ., ಬಲಗಡೆಯಲ್ಲಿ ಕೆಲವು ಅರ್ಧ ಸೆಂ.ಮೀ. ಮಾತ್ರ ಇದ್ದದ್ದು ತಿಳಿಯಿತು. ಮಕ್ಕಳು ಅಳತೆ ಸರಿಪಡಿಸಿದ್ದೂ ಅಲ್ಲದೆ, ಒಂದು ಚೀಲವನ್ನು ಬೇಕೆಂದೇ ಹಾಗೆ ಹೊಲಿದು, ತಿರುಚುವ ಘಟಕವೆಂದು ಹೆಸರಿಟ್ಟು ಇಟ್ಟುಕೊಂಡಿದ್ದಾರೆ. ಒಳಚೀಲಗಳಲ್ಲಿ ಇಲ್ಲಿಯವರೆಗೆ ಏಳು ತೂತಾಗಿವೆ, ಏಳಕ್ಕೂ ಮಕ್ಕಳೇ ಮನೆಯಿಂದ ಪ್ಯಾಕೆಟ್ ತಂದು ಹತ್ತು ನಿಮಿಷದಲ್ಲಿ ಬದಲಿಸಿದರು. ಹೊರಚೀಲ, ಕುತ್ತಿಗೆ, ಮುಚ್ಚಳ ಯಾವುದನ್ನೂ ಎಸೆಯಬೇಕಾಗಿ ಬಂದಿಲ್ಲ. ಮೂರು ಬೆರಳಿನ ಹಿಡಿಗೈಯಾಗಿದ್ದ ಘಟಕಗಳೇ ಕಳೆದ ಶನಿವಾರ ಐದು ಗೆಣ್ಣಿನ ಹುಳುವಿನಲ್ಲಿ ಸೇರಿಕೊಂಡು ವರಾಂಡದ ಒಂದು ಕಂಬದಿಂದ ಇನ್ನೊಂದಕ್ಕೆ ತೆವಳಿದವು.

ಈಗ ಎರಡು ವಿಷಯ ಉಳಿದಿವೆ. ಐದು ಗೆಣ್ಣಿಗೆ ಐದು ಮಕ್ಕಳು ಐದು ಸಿರಿಂಜು ಹಿಡಿದು ಎಣಿಸುತ್ತ ತಳ್ಳಬೇಕಾಗಿದೆ, ಒಂದೇ ಮೂಲದಿಂದ ಗಾಳಿ ಹಂಚಲು ಸರಳ ದಾರಿಯಿದೆಯೇ? ಬೆರಳುಗಳು ಲೋಟವನ್ನು ಹಿಡಿಯುತ್ತವೆ, ಆದರೆ ಕಡಲೆಕಾಳಿನಂಥ ಸಣ್ಣ ವಸ್ತುವನ್ನು ಎತ್ತಲಾರವು. ಅದೇ ಮುಚ್ಚಳಕ್ಕೆ ತಿರುಗಿಸಿ ಹಾಕಬಹುದಾದ ಬೇರೆ ಬಗೆಯ ತುದಿಯನ್ನು ಮಾಡಬಹುದೇ?

ಉತ್ತರ 4: ಮೆಕ್ಯಾನಿಕಲ್ ಎಂಜಿನಿಯರ್, ಮೂಲತಃ ಶಿವಮೊಗ್ಗ, ಈಗ ಜರ್ಮನಿ

ಮೊದಲನೆಯದಕ್ಕೆ, ಔಷಧಿ ಅಂಗಡಿಯಲ್ಲಿ ಸಿಗುವ ಮೂರು ದಾರಿಯ ಸ್ಟಾಪ್‌ಕಾಕ್‌ಗಳನ್ನು, ಅಂದರೆ ದಾರಿ ತೆರೆದು ಮುಚ್ಚುವ ಪುಟ್ಟ ನಲ್ಲಿಗಳನ್ನು ಹೊಸದಾಗಿಯೇ ಕೊಂಡು ಸಾಲಾಗಿ ಜೋಡಿಸಿ. ಆಸ್ಪತ್ರೆಯಲ್ಲಿ ಬಳಸಿದ್ದನ್ನು ಯಾವ ಕಾರಣಕ್ಕೂ ತರಬೇಡಿ. ಒಂದೇ ಬುರುಡೆಯಿಂದ ಗಾಳಿ ಕೊಟ್ಟು, ಗುಬುಟು ತಿರುಗಿಸಿ ಒಂದೊಂದೇ ಗೆಣ್ಣನ್ನು ತುಂಬಬಹುದು, ತಡೆಹಿಡಿಯಬಹುದು. ಇಬ್ಬರು ಮಕ್ಕಳು ಸಾಕು.

ಎರಡನೆಯದಕ್ಕೆ ಕಾಫಿ ಪುಡಿ ತನ್ನಿ. ಕಾರ್ನೆಲ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳವರು ಐರೋಬೋಟ್ ಸಂಸ್ಥೆಯ ಜೊತೆಗೂಡಿ 2010ರಲ್ಲಿ ತೋರಿಸಿದ ಹಿಡಿಕೆ ಇದು. ಬಲೂನಿನಲ್ಲಿ ಕಾಫಿ ಪುಡಿ ತುಂಬಿ ವಸ್ತುವಿನ ಮೇಲೆ ಮೆಲ್ಲಗೆ ಒತ್ತಿದರೆ ಪುಡಿ ಅದರ ಸುತ್ತ ಹರಿದು ಕೂರುತ್ತದೆ. ಆಗ ಒಳಗಿನ ಗಾಳಿಯನ್ನು ಹೀರಿದರೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಕಲ್ಲಿನಂತೆ ಗಟ್ಟಿಯಾಗಿ ವಸ್ತುವನ್ನು ಹಿಡಿದುಬಿಡುತ್ತವೆ, ಗಾಳಿ ಬಿಟ್ಟರೆ ಸಡಿಲಿಸುತ್ತವೆ. ಬಲೂನಿನ ಬಾಯಿಯನ್ನು ಅದೇ ಬಾಟಲಿ ಕುತ್ತಿಗೆಯ ಅಂಚಿಗೆ ಮಡಿಸಿ, ಪುಡಿ ಕೊಳವೆಗೆ ನುಗ್ಗದಂತೆ ತೆಳು ಬಟ್ಟೆಯ ಎರಡು ಪದರ ಇಟ್ಟು ಮುಚ್ಚಳ ಹಾಕಿ. ಸಿರಿಂಜನ್ನು ಇಲ್ಲಿ ತಳ್ಳುವ ಬದಲು ಎಳೆಯಬೇಕು. ಬಲೂನಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಪುಡಿ ತುಂಬಬೇಡಿ, ಬಿಗಿಯಾಗಿ ತುಂಬಿದರೆ ಅದು ವಸ್ತುವಿನ ಸುತ್ತ ಹರಿಯುವುದಿಲ್ಲ. ಚಿಕೋರಿ ಬೆರೆಸದ, ಚೆನ್ನಾಗಿ ಒಣಗಿದ ಪುಡಿಯೇ ಆಗಲಿ, ಚಿಕೋರಿ ತೇವ ಹೀರಿ ಗಂಟು ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ಸುರಿದಿಟ್ಟರೆ ಮುಂದಿನ ವರ್ಷದ ಬಲೂನಿಗೂ ಅದೇ ಆಗುತ್ತದೆ.